ಮುದ್ದೆ ಬಿಡದೆ ಕಾರ್ಬ್ ಇಳಿಸುವುದು ಹೇಗೆ

ತೂಕ ಇಳಿಸಬೇಕು ಅಂತಿದ್ದರೆ ಮೊದಲು ಒಂದು ತಕ್ಕಡಿ ತನ್ನಿ. ಅಡುಗೆಮನೆಯಲ್ಲಿ ಇಟ್ಟುಕೊಳ್ಳುವ ಪುಟ್ಟ ಬ್ಯಾಟರಿ ತಕ್ಕಡಿ ಸಿಗುತ್ತದಲ್ಲ, ಅದು. ನಾನು ತಂದ ದಿನ ಅಮ್ಮ ಆಗಷ್ಟೇ ತೊಳಸಿ ಕಟ್ಟಿದ್ದ ಮುದ್ದೆಯನ್ನು ತಟ್ಟೆ ಸಮೇತ ಅದರ ಮೇಲಿಟ್ಟೆ. ತಟ್ಟೆಯ ತೂಕ ಕಳೆದರೆ 340 ಗ್ರಾಂ. "ಮುದ್ದೆನ ಯಾರಾದ್ರೂ ತೂಗ್ತಾರೇನೋ, ಚಿನ್ನಾನಾ ಅದು?" ಅಂತ ಅಮ್ಮ ನಕ್ಕರು. ಮಾರನೇ ದಿನ ಹಿಟ್ಟನ್ನೂ ತೂಗಿದೆ. ಒಂದು ಮುದ್ದೆಗೆ ಹತ್ತಿರ ಹತ್ತಿರ 110 ಗ್ರಾಂ ಹಿಟ್ಟು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 67 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ) ಇರುತ್ತದೆ, ಹಾಗಾಗಿ ಒಂದು ಮುದ್ದೆ ಅಂದರೆ 74 ಗ್ರಾಂ. ಅದರ ಮೇಲೆ ನಾನು ಒಂದು ಸೌಟು ಅನ್ನ ಬೇರೆ ಹಾಕಿಸಿಕೊಳ್ಳುತ್ತಿದ್ದೆ, "ಮುದ್ದೆ ಶುಗರ್‌ಗೆ ಒಳ್ಳೇದು" ಅಂತ ನಂಬಿಕೊಂಡು.

ರಾಗಿ ಒಳ್ಳೆಯದೇ, ಜಗಳ ಇಲ್ಲ. ಪಾಲಿಶ್ ಅಕ್ಕಿಗಿಂತ ನಾರು ಎಷ್ಟೋ ಜಾಸ್ತಿ, ಕ್ಯಾಲ್ಸಿಯಂ 100 ಗ್ರಾಂಗೆ 300 ಮಿಲಿಗ್ರಾಂ ದಾಟುತ್ತದೆ. ಆದರೆ ಕಾರ್ಬ್ ವಿಷಯದಲ್ಲಿ ಅಕ್ಕಿ, ಗೋಧಿ, ಜೋಳ, ರಾಗಿ, ಎಲ್ಲವೂ ಅಣ್ಣತಮ್ಮಂದಿರು. 100 ಗ್ರಾಂಗೆ 65ರಿಂದ 78ರೊಳಗೆ ಎಲ್ಲವೂ ಬಂದು ನಿಲ್ಲುತ್ತವೆ. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಅನ್ನುವ ಮಾತಿದೆ, ಸರಿ. ಆದರೆ ಕಿತ್ತಿಡುವುದಕ್ಕೆ ಬೆಟ್ಟ ಬೇಕಲ್ಲ? ನಾನು ಕಿತ್ತಿಡುತ್ತಿದ್ದದ್ದು ಲ್ಯಾಪ್‌ಟಾಪ್ ಚಾರ್ಜರ್ ಮಾತ್ರ.

ಮುಂದೆ ಓದುವ ಮೊದಲು ಒಂದು ಮಾತು, ಇದನ್ನು ಹಾರಿಸಬೇಡಿ. ನೀವು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ, ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಥರದ ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ, ಡಾಕ್ಟರನ್ನು ಕೇಳದೆ ಕಾರ್ಬ್ ಇಳಿಸಬೇಡಿ. ಔಷಧಿ ಅಷ್ಟೇ ಇದ್ದು ಊಟ ಅರ್ಧವಾದರೆ ಶುಗರ್ ಧುತ್ತನೆ ಇಳಿದು ಬೆವರಿ, ನಡುಗಿ, ಬಿದ್ದುಬಿಡಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ತಗೊಳ್ಳುವವರಿಗೆ ಇನ್ನೊಂದು ಅಪಾಯ: ಕಾರ್ಬ್ ತೀರಾ ಕಡಿಮೆಯಾದರೆ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಏರಿ ಆಸ್ಪತ್ರೆ ಸೇರಬೇಕಾಗಬಹುದು, ಅದೂ ಶುಗರ್ ನಾರ್ಮಲ್ ಹತ್ತಿರ ಕಾಣುತ್ತಿರುವಾಗಲೇ, ಹಾಗಾಗಿ ಗೊತ್ತಾಗುವುದು ತಡ. ಬಸುರಿಯರು, ಎದೆಹಾಲು ಕೊಡುವವರು, ಕಿಡ್ನಿ ತೊಂದರೆ ಇರುವವರು, ಬಿಪಿ ಮಾತ್ರೆ ತಗೊಳ್ಳುವವರು, ಇವರೆಲ್ಲ ಮೊದಲು ಡಾಕ್ಟರ ಹತ್ತಿರ ಮಾತಾಡಿ.

ಇನ್ಸುಲಿನ್ ಕಥೆ, ಚಿಕ್ಕದಾಗಿ

ಹಳೇ ಮನೆಗಳಲ್ಲಿ ಕಣಜ ನೋಡಿದ್ದೀರಲ್ವಾ? ಮೇಲಿಂದ ಧಾನ್ಯ ಸುರಿಯುವುದು, ಬೇಕಾದಾಗ ಕೆಳಗಿನ ಕಿಂಡಿ ತೆಗೆದು ಮೊರಕ್ಕೆ ಹಿಡಿದುಕೊಳ್ಳುವುದು. ನಮ್ಮ ಮೈಯ ಕೊಬ್ಬೂ ಹಾಗೇ ಒಂದು ಕಣಜ. ಊಟ ಮಾಡಿದಾಗ ರಕ್ತಕ್ಕೆ ಸಕ್ಕರೆ ಬರುತ್ತದೆ, ಮೇದೋಜೀರಕ ಗ್ರಂಥಿ ಇನ್ಸುಲಿನ್ ಎಂಬ ಹಾರ್ಮೋನ್ ಬಿಡುತ್ತದೆ. ಅದು ಬಂದ ಮೇಲೆ ಸ್ನಾಯುಗಳು ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತವೆ, ಲಿವರ್ ಒಂದಷ್ಟನ್ನು ಗ್ಲೈಕೋಜನ್ (ಸಕ್ಕರೆಯ ದಾಸ್ತಾನು ರೂಪ) ಮಾಡಿ ಎತ್ತಿಡುತ್ತದೆ, ಊಟದಲ್ಲಿದ್ದ ಎಣ್ಣೆ ತುಪ್ಪ ಕೊಬ್ಬಿನ ಕಣಜಕ್ಕೆ ಹೋಗುತ್ತದೆ. ಅಷ್ಟು ಹೊತ್ತೂ ಕೆಳಗಿನ ಕಿಂಡಿ ಮುಚ್ಚಿರುತ್ತದೆ. ಊಟವಾಗಿ ಕೆಲವು ಗಂಟೆ ಕಳೆದು ಇನ್ಸುಲಿನ್ ಇಳಿದಾಗ ಕಿಂಡಿ ತೆರೆದು, ಕೊಬ್ಬು ಹೊರಬಂದು ಉರಿಯುತ್ತದೆ. ರಾತ್ರಿ ನಾವು ಮಲಗಿರುವಾಗ ನಡೆಯುವುದು ಮುಖ್ಯವಾಗಿ ಇದೇ.

ಇನ್ಸುಲಿನ್ನೇ ಇಲ್ಲದಿದ್ದರೆ ಏನಾಗುತ್ತದೆ? ಕಣಜದಲ್ಲಿ ಏನೂ ನಿಲ್ಲುವುದಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸುವ ತನಕ, ಇನ್ಸುಲಿನ್ ಹುಟ್ಟದ ಟೈಪ್ 1 ಸಕ್ಕರೆ ಕಾಯಿಲೆಯ ಮಕ್ಕಳು ಕಣ್ಣೆದುರೇ ಕರಗಿಹೋಗುತ್ತಿದ್ದರು. 1922ರ ಜನವರಿಯಲ್ಲಿ ಮೊದಲ ಇಂಜೆಕ್ಷನ್ ಪಡೆದ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ ಸುಮಾರು 30 ಕೆಜಿ ಇದ್ದ, ಅಷ್ಟೇ. ಇನ್ನೊಂದು ಕಡೆ, ಇನ್ಸುಲಿನ್ ಚುಚ್ಚಿಕೊಳ್ಳಲು ಶುರು ಮಾಡಿದ ಟೈಪ್ 2 (ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಸಕ್ಕರೆ ಕಾಯಿಲೆ) ರೋಗಿಗಳಲ್ಲಿ ಎಷ್ಟೋ ಜನ ಮೂರು ನಾಲ್ಕು ಕೆಜಿ ಏರುತ್ತಾರೆ. ಅದಕ್ಕೆ ಒಂದು ಕಾರಣ, ಮೊದಲು ಮೂತ್ರದಲ್ಲಿ ಪೋಲಾಗುತ್ತಿದ್ದ ಸಕ್ಕರೆ ಈಗ ಮೈಯಲ್ಲೇ ಉಳಿಯುತ್ತದೆ. ಅದಕ್ಕೆ ಹೆದರಿ ಇಂಜೆಕ್ಷನ್ ಬಿಟ್ಟವರನ್ನು ಕಂಡಿದ್ದೇನೆ, ಹಾಗೆ ಮಾತ್ರ ಮಾಡಬೇಡಿ.

ಇಷ್ಟು ಕೇಳಿದವರು "ಹಾಗಾದ್ರೆ ಇನ್ಸುಲಿನ್ನೇ ವಿಲನ್, ಕಾರ್ಬ್ ಬಿಟ್ಟರೆ ಎಷ್ಟು ತಿಂದರೂ ತೂಕ ಇಳಿಯುತ್ತೆ" ಅನ್ನುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೇ ಹೇಳಿಕೊಂಡು ತಿರುಗಿದವನು. ಅದು ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಕೆವಿನ್ ಹಾಲ್ ಅವರ ತಂಡ 19 ಜನ ಬೊಜ್ಜಿನವರನ್ನು ವಾರ್ಡಿನಲ್ಲೇ ಇಟ್ಟುಕೊಂಡು, ತುತ್ತು ತುತ್ತಿಗೂ ಲೆಕ್ಕ ಇಟ್ಟು, ಒಮ್ಮೆ ಕಾರ್ಬ್ ಇಳಿಸಿತು, ಇನ್ನೊಮ್ಮೆ ಅಷ್ಟೇ ಕ್ಯಾಲೊರಿಯಷ್ಟು ಕೊಬ್ಬು ಇಳಿಸಿತು. ಕಾರ್ಬ್ ಇಳಿಸಿದಾಗ ಇನ್ಸುಲಿನ್ ಇಳಿದದ್ದು ನಿಜ. ಆದರೆ ಮೈಕೊಬ್ಬು ಜಾಸ್ತಿ ಕರಗಿದ್ದು, ವ್ಯತ್ಯಾಸ ಚಿಕ್ಕದಾದರೂ, ಊಟದ ಕೊಬ್ಬು ಇಳಿಸಿದಾಗ. ಇದು 2015ರಲ್ಲಿ ಬಂತು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನವರು 609 ಜನರನ್ನು ಒಂದು ವರ್ಷ ನೋಡಿದರು. ಕೊಬ್ಬು ಇಳಿಸಿದ ಗುಂಪು ಸರಾಸರಿ 5.3 ಕೆಜಿ ಇಳಿಯಿತು, ಕಾರ್ಬ್ ಇಳಿಸಿದ ಗುಂಪು 6 ಕೆಜಿ. ಹೆಚ್ಚುಕಮ್ಮಿ ಒಂದೇ. ಯಾರಿಗೆ ಇನ್ಸುಲಿನ್ ಜಾಸ್ತಿ ಬರುತ್ತದೆ ಅನ್ನುವುದರಿಂದಲೂ ಫಲಿತಾಂಶ ಬದಲಾಗಲಿಲ್ಲ.

ಅಂದರೆ ಕಿಂಡಿ ಎಷ್ಟು ಹೊತ್ತು ಮುಚ್ಚಿತ್ತು ಅನ್ನುವುದಲ್ಲ ಪ್ರಶ್ನೆ. ದಿನದ ಕೊನೆಗೆ ಸುರಿದದ್ದು ಎಷ್ಟು, ತೆಗೆದದ್ದು ಎಷ್ಟು ಅನ್ನುವುದು.

ಹಾಗಾದರೆ ಕಾರ್ಬ್ ಯಾಕೆ ಇಳಿಸಬೇಕು? ನಮ್ಮ ತಟ್ಟೆಯಲ್ಲಿ ಇಳಿಸುವುದಕ್ಕೆ ಜಾಗ ಇರುವುದೇ ಅಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ ಉದ್ದಗಲಕ್ಕೂ ಮಾಡಿದ ಸಮೀಕ್ಷೆಯಲ್ಲಿ ಭಾರತೀಯರ ದಿನದ ಕ್ಯಾಲೊರಿಯಲ್ಲಿ ಶೇ 62ರಷ್ಟು ಕಾರ್ಬ್‌ನಿಂದಲೇ ಬರುತ್ತದೆ ಅಂತ ಕಂಡಿತು, ಅದರಲ್ಲೂ ಬಹುಪಾಲು ಬಿಳಿ ಅಕ್ಕಿ, ಮಿಲ್ ಆದ ಧಾನ್ಯ, ಸಕ್ಕರೆ. ಪ್ರೋಟೀನ್ ಮಾತ್ರ ತೀರಾ ಕಡಿಮೆ. ಅನ್ನ ಅರ್ಧ ಮಾಡಿ ಆ ಜಾಗಕ್ಕೆ ಕಾಳು, ಮೊಟ್ಟೆ, ಸೊಪ್ಪು ತುಂಬಿದರೆ ಹೊಟ್ಟೆ ಬೇಗ ತುಂಬುತ್ತದೆ, ಹನ್ನೊಂದು ಗಂಟೆಗೆ ಬಿಸ್ಕತ್ತಿನ ಡಬ್ಬಕ್ಕೆ ಕೈ ಹೋಗುವುದಿಲ್ಲ. ನನಗೆ ಕೆಲಸ ಮಾಡಿದ್ದು ಈ ಹಸಿವಿನ ಲೆಕ್ಕ. ಮಾಯ ಮಂತ್ರ ಏನಿಲ್ಲ.

ತೂಕಕ್ಕಿಂತ ಮೊದಲು ಸೊಂಟ

ಟೈಲರ್ ಟೇಪ್ ತಗೊಂಡು ಹೊಕ್ಕುಳ ಮಟ್ಟದಲ್ಲಿ ಸುತ್ತು ಅಳೆಯಿರಿ. ಉಸಿರು ಎಳೆದು ಹೊಟ್ಟೆ ಒಳಗೆ ಸೇರಿಸಿಕೊಳ್ಳಬೇಡಿ, ಯಾರೂ ನೋಡುತ್ತಿಲ್ಲ. ನಮ್ಮವರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ. "ನಾನು ಸಣ್ಣಗಿದ್ದೀನಿ, ಹೊಟ್ಟೆ ಒಂಚೂರು ಅಷ್ಟೇ" ಅನ್ನುವವರಿಗೆ ಒಂದು ಕಥೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಇಬ್ಬರೂ ತಮ್ಮ ಮೈಯನ್ನೇ ಅಳೆಸಿಕೊಂಡರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ಆದರೆ ಮೈಯಲ್ಲಿ ಕೊಬ್ಬು ಯುಡ್ಕಿನ್ ಅವರಿಗೆ ಶೇ 9.1, ನಮ್ಮ ಯಾಜ್ಞಿಕ್ ಅವರಿಗೆ ಶೇ 21.2. 2004ರಲ್ಲಿ ಇಬ್ಬರೂ ತಮ್ಮ ಫೋಟೊ ಸಮೇತ ಪ್ರಕಟಿಸಿದರು. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ ಅನ್ನುವ ನಮ್ಮ ಮೈಕಟ್ಟಿಗೆ ಅದಕ್ಕಿಂತ ಒಳ್ಳೆ ಉದಾಹರಣೆ ಬೇಡ. ಹೊಟ್ಟೆಯ ಒಳಗೆ, ಲಿವರ್‌ನಲ್ಲಿ ಕೊಬ್ಬು ಕೂತಷ್ಟೂ ಇನ್ಸುಲಿನ್ ಮಾತು ಮೈ ಕೇಳುವುದಿಲ್ಲ, ಅದೇ ಕೆಲಸಕ್ಕೆ ಇನ್ನೂ ಜಾಸ್ತಿ ಇನ್ಸುಲಿನ್ ಬೇಕಾಗುತ್ತದೆ.

ಒಂದು ಸಲ ಖಾಲಿ ಹೊಟ್ಟೆ ಶುಗರ್ ಮತ್ತು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಸರಾಸರಿ) ಪರೀಕ್ಷೆ ಮಾಡಿಸಿ, ಸಾಧ್ಯವಾದರೆ ಕೊಲೆಸ್ಟ್ರಾಲ್ ಕೂಡ. ಆಮೇಲೆ ಹೋಲಿಸಿ ನೋಡುವುದಕ್ಕೆ ಬೇಕಾಗುತ್ತದೆ.

ಇನ್ನು ಮೂರು ದಿನ ಏನೂ ಬದಲಾಯಿಸದೆ ತಿಂದದ್ದನ್ನೆಲ್ಲ ಬರೆದಿಡಿ. ನನ್ನ ಹಳೇ ಒಂದು ದಿನ ಹೀಗಿತ್ತು: ಬೆಳಗ್ಗೆ ನಾಲ್ಕು ಇಡ್ಲಿ ಚಟ್ನಿ (45 ಗ್ರಾಂ ಕಾರ್ಬ್), ದಿನಕ್ಕೆ ಮೂರು ಕಾಫಿ, ತಲಾ ಎರಡು ಚಮಚ ಸಕ್ಕರೆ (ಹಾಲೂ ಸೇರಿ 45), ಮಧ್ಯಾಹ್ನ ಮುದ್ದೆ (74), ಅನ್ನ (42), ಸಾರಿನ ಬೇಳೆ (12), ಸಂಜೆ ಖಾರ ಮಂಡಕ್ಕಿ ಮತ್ತೆ ನಾಲ್ಕು ಬಿಸ್ಕತ್ತು (40), ರಾತ್ರಿ "ಹಗುರ" ಊಟ ಅಂತ ಮೂರು ಚಪಾತಿ (60), ಕೊನೆಗೆ ಮೊಸರನ್ನ (42). ಕೂಡಿದರೆ 360 ಗ್ರಾಂ. ಸ್ವೀಟ್ ಒಂದೂ ಇಲ್ಲ ನೋಡಿ. ನಾನು ಸಿಹಿ ತಿನ್ನುವವನೇ ಅಲ್ಲ ಅಂತ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದೆ.

ದಿನಕ್ಕೆ 130 ಗ್ರಾಂಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ಲೋ ಕಾರ್ಬ್ ಅನ್ನುತ್ತಾರೆ, 50ಕ್ಕಿಂತ ಕೆಳಗೆ ಹೋದರೆ ಕೀಟೋ. ನನ್ನ ಸಲಹೆ, 150ರ ಆಸುಪಾಸಿಗೆ ಬನ್ನಿ ಸಾಕು. ಕೀಟೋ ನಮ್ಮ ಮನೆಗಳಲ್ಲಿ ಮೂರು ವಾರ ನಡೆಯುತ್ತದೆ, ಆಮೇಲೆ ಯಾರದೋ ನಾಮಕರಣ ಬರುತ್ತದೆ.

ಎಲ್ಲಿಂದ ಕತ್ತರಿಸುವುದು

ಕುಡಿಯುವುದರಿಂದ ಶುರು ಮಾಡಿ. ಕಾಫಿ ಟೀ ಸಕ್ಕರೆ, ಜ್ಯೂಸ್, ಕೂಲ್ ಡ್ರಿಂಕ್ಸ್, ಬೆಳಗಿನ ಮಾಲ್ಟ್ ಪುಡಿ. ಇವು ಹೊಟ್ಟೆ ತುಂಬಿಸುವುದಿಲ್ಲ, ಲೆಕ್ಕ ಮಾತ್ರ ತುಂಬಿಸುತ್ತವೆ. ಸಕ್ಕರೆಯನ್ನು ಒಂದೇ ಸಲ ನಿಲ್ಲಿಸುವುದು ಕಷ್ಟವಾದರೆ ವಾರಕ್ಕೆ ಅರ್ಧ ಚಮಚ ಇಳಿಸಿ, ತಿಂಗಳಲ್ಲಿ ನಾಲಿಗೆ ಒಗ್ಗುತ್ತದೆ. ಬೆಲ್ಲ ಹಾಕಿದರೆ ಪರವಾಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆಲ್ಲವೂ ಬಹುಪಾಲು ಸಕ್ಕರೆಯೇ, ಬಣ್ಣ ಬೇರೆ. ಜೇನುತುಪ್ಪವೂ ಅದೇ ಜಾತಿ.

ತಿಂಡಿ ನಮ್ಮಲ್ಲಿ ದೊಡ್ಡ ಸಮಸ್ಯೆ. ಇಡ್ಲಿ, ದೋಸೆ, ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ಶಾವಿಗೆ, ಪೂರಿ, ವಾರದ ಏಳು ದಿನವೂ ಹಿಟ್ಟು ಇಲ್ಲವೇ ಅಕ್ಕಿ. ನಾನು ಹೀಗೆ ಮಾಡುತ್ತೇನೆ. ರಾತ್ರಿ ಒಬ್ಬರಿಗೆ 60 ಗ್ರಾಂ ಲೆಕ್ಕದಲ್ಲಿ ಹೆಸರುಬೇಳೆ ನೆನೆಹಾಕುತ್ತೇನೆ, ಬೆಳಗ್ಗೆ ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ, ಒಂದು ಹಿಡಿ ಸಬ್ಬಸಿಗೆ ಸೊಪ್ಪು ಹಾಕಿ ರುಬ್ಬುತ್ತೇನೆ. ನೀರು ಕಡಿಮೆ ಇರಲಿ, ಇಲ್ಲದಿದ್ದರೆ ಕಾವಲಿಗೆ ಅಂಟಿ ಚೂರು ಚೂರಾಗಿ ಬರುತ್ತದೆ, ನನ್ನ ಮೊದಲ ನಾಲ್ಕು ದೋಸೆ ಹಾಗೇ ಹೋದವು. ಕಾವಲಿ ಚೆನ್ನಾಗಿ ಕಾದ ಮೇಲೆ ಉರಿ ಸಣ್ಣ ಮಾಡಿ, ಹಿಟ್ಟು ಹರಡಿ, ಮೇಲೆ ಮುಚ್ಚಳ. ಎರಡು ದೋಸೆ ಆಗುತ್ತದೆ, 36 ಗ್ರಾಂ ಕಾರ್ಬ್, ಜೊತೆಗೆ 14 ಗ್ರಾಂ ಪ್ರೋಟೀನ್. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ: ಎರಡು ಮೊಟ್ಟೆಯಲ್ಲಿ 12 ಗ್ರಾಂ ಪ್ರೋಟೀನ್, ಕಾರ್ಬ್ ಇಲ್ಲವೇ ಇಲ್ಲ ಅನ್ನಬಹುದು. ಇಡ್ಲಿ ಬೇಕೇ ಬೇಕು ಅನ್ನಿಸಿದ ದಿನ ಎರಡಿಡ್ಲಿ, ಒಂದು ಬಟ್ಟಲು ಸಾಂಬಾರ್, ಅದರೊಳಗಿನ ತರಕಾರಿ ಸಮೇತ.

ಮಧ್ಯಾಹ್ನದ ಊಟದಲ್ಲಿ ಬಡಿಸುವ ಕ್ರಮ ಬದಲಿಸಿ. ಮೊದಲು ಕೋಸಂಬರಿ ಅಥವಾ ಸೌತೆಕಾಯಿ, ಪಲ್ಯ, ಕಾಳು ಅಥವಾ ಮೊಟ್ಟೆ, ಕೋಳಿ, ಮೀನು. ಆಮೇಲೆ ಮುದ್ದೆ, ಅನ್ನ. ತರಕಾರಿ ಪ್ರೋಟೀನ್ ಮೊದಲು ತಿಂದು ಕಾರ್ಬ್ ಕೊನೆಗೆ ತಿಂದರೆ ಊಟದ ನಂತರದ ಶುಗರ್ ಏರುವುದು ಕಡಿಮೆ ಅಂತ ಸಕ್ಕರೆ ಕಾಯಿಲೆಯವರ ಮೇಲೆ ಮಾಡಿದ ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ನಮ್ಮ ಬಾಳೆಎಲೆ ಊಟದಲ್ಲೂ ಕೋಸಂಬರಿ ಪಲ್ಯ ಮೊದಲು ಬರುತ್ತವೆ, ನಾವು ಮಾತ್ರ ಅನ್ನ ಬರಲಿ ಅಂತ ಅದನ್ನು ಮೂಲೆಗೆ ತಳ್ಳಿ ಕಾಯುತ್ತೇವೆ.

ಮುದ್ದೆ ಅರ್ಧ, 37 ಗ್ರಾಂ. ಅವತ್ತು ಅನ್ನ ಬೇಡ. ಅನ್ನ ಬೇಕಾದ ದಿನ ಮುದ್ದೆ ಬೇಡ, ಬೆಂದ ಅನ್ನ 130 ಗ್ರಾಂ ತೂಗಿ ಹಾಕಿಕೊಳ್ಳಿ. ಒಂದು ವಾರ ತೂಗಿದರೆ ಕಣ್ಣಿಗೆ ಅಂದಾಜು ಸಿಗುತ್ತದೆ, ಆಮೇಲೆ ತಕ್ಕಡಿ ಎತ್ತಿಡಬಹುದು. ಸಾರು ಮಾತ್ರ ದುಪ್ಪಟ್ಟು ಹಾಕಿಕೊಳ್ಳಿ, ಅದೂ ತಿಳಿ ಸಾರಲ್ಲ. ಬಸ್ಸಾರು ಮಾಡಿದ ದಿನ ಬಸಿದ ಸೊಪ್ಪು ಕಾಳಿನ ಪಲ್ಯ ಇರುತ್ತದಲ್ಲ, ಅದೇ ಊಟ, ಮುದ್ದೆ ನಂಚಿಕೊಳ್ಳುವುದಕ್ಕೆ ಅಂತ ತಲೆಕೆಳಗು ಮಾಡಿಕೊಳ್ಳಿ. ಹುರುಳಿಕಾಳು, ಅವರೆಕಾಳು, ಅಲಸಂದೆ ಯಾವುದಾದರೂ ಸರಿ. ಕಾಳಿನಲ್ಲೂ ಕಾರ್ಬ್ ಇದೆ, ಆದರೆ ಜೊತೆಗೆ ನಾರು, ಪ್ರೋಟೀನ್ ಇರುವುದರಿಂದ ನಿಧಾನಕ್ಕೆ ಕರಗುತ್ತದೆ. ಉತ್ತರ ಕರ್ನಾಟಕದವರಿಗೆ ನಾನು ಹೇಳಿಕೊಡುವುದು ಏನೂ ಇಲ್ಲ: ರೊಟ್ಟಿ ಒಂದು ಮಾಡಿಕೊಂಡು ಪುಂಡಿಪಲ್ಯ, ಮಡಿಕೆಕಾಳು, ಮೊಸರು, ಶೇಂಗಾ ಹಿಂಡಿ ಜಾಸ್ತಿ ಮಾಡಿಕೊಂಡರೆ ಮುಗಿಯಿತು. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇವೆ, ಕುಚ್ಚಲಕ್ಕಿ ಗಂಜಿಯ ಬಟ್ಟಲು ಚಿಕ್ಕದು ಮಾಡಿಕೊಂಡರಾಯಿತು.

ಸಂಜೆ ಒಂದು ಹಿಡಿ ಹುರಿದ ಕಡಲೆಕಾಯಿ, ಮಜ್ಜಿಗೆ. ಒಂದೇ ಹಿಡಿ. ಪೊಟ್ಟಣ ಕೈಯಲ್ಲಿಟ್ಟುಕೊಂಡು ಮ್ಯಾಚ್ ನೋಡಲು ಕೂತರೆ ಅಲ್ಲಿಗೆ ಮುಗಿಯಿತು ಕಥೆ. ರಾತ್ರಿ ಒಂದು ಚಪಾತಿ, ಪಲ್ಯ ಎರಡರಷ್ಟು, ಪನೀರ್ ಅಥವಾ ಮೊಟ್ಟೆ. ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ, ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಸಹಾಯ ಅಷ್ಟಾಗಿ ಕೇಳದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ.

ಉಪವಾಸದ ದಿನ ಹುಷಾರು. ಸಬ್ಬಕ್ಕಿ ಅಂದರೆ ಹೆಚ್ಚುಕಮ್ಮಿ ಬರೀ ಪಿಷ್ಟ, ಅವಲಕ್ಕಿಯೂ ಅಕ್ಕಿಯೇ. ಏಕಾದಶಿಯ ದಿನವೇ ನನ್ನ ಕಾರ್ಬ್ ಎಲ್ಲಕ್ಕಿಂತ ಜಾಸ್ತಿ ಇತ್ತು ಅಂತ ಪಟ್ಟಿ ನೋಡಿದ ಮೇಲೆ ಗೊತ್ತಾಯಿತು. ಹಾಗೇ, ಕಾರ್ಬ್ ಇಳಿಸಿದ ಖುಷಿಗೆ ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ ಸುರಿದುಕೊಳ್ಳಬೇಡಿ. ಕಾಫಿಗೆ ತುಪ್ಪ ಹಾಕಿ ಕುಡಿಯುವವರಿದ್ದಾರೆ. ಒಂದು ದೊಡ್ಡ ಚಮಚ ತುಪ್ಪ 120 ಕ್ಯಾಲೊರಿ, ಅದಕ್ಕೂ ಕಣಜದ ದಾರಿ ಗೊತ್ತು. ಕೆಲವರಿಗೆ ಕೆಟ್ಟ ಕೊಲೆಸ್ಟ್ರಾಲ್ ಕೂಡ ಏರುತ್ತದೆ.

ಮೊದಲ ವಾರದ ಮೋಸ

ಮೊದಲ ಹತ್ತು ದಿನದಲ್ಲಿ ನಾನು 2.3 ಕೆಜಿ ಇಳಿದೆ. ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದೆ. ಮಾರನೇ ಭಾನುವಾರ ನೆಂಟರ ಮನೆ ಗೃಹಪ್ರವೇಶ. ಎರಡು ಹೋಳಿಗೆ, ಪುಳಿಯೋಗರೆ, ಪಾಯಸ, ಅನ್ನ. ಸೋಮವಾರ ಬೆಳಗ್ಗೆ ತೂಕದ ಯಂತ್ರ ಹತ್ತಿದರೆ 1.6 ಕೆಜಿ ವಾಪಸ್! ಒಂದು ಮಧ್ಯಾಹ್ನದ ಊಟಕ್ಕೆ ಅಷ್ಟು ಕೊಬ್ಬು ಬರುವುದು ಸಾಧ್ಯವೇ ಇಲ್ಲ, ಅಷ್ಟು ಕೊಬ್ಬಿಗೆ ಹನ್ನೆರಡು ಸಾವಿರ ಕ್ಯಾಲೊರಿ ಜಾಸ್ತಿ ತಿನ್ನಬೇಕು. ಆಗಿದ್ದು ಇಷ್ಟು. ಲಿವರ್ ಮತ್ತು ಸ್ನಾಯುಗಳಲ್ಲಿ ಎಲ್ಲ ಸೇರಿ ಸುಮಾರು ಅರ್ಧ ಕೆಜಿ ಗ್ಲೈಕೋಜನ್ ಇರುತ್ತದೆ, ಒಂದೊಂದು ಗ್ರಾಂ ಮೂರು ಗ್ರಾಂನಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಕಾರ್ಬ್ ಇಳಿಸಿದಾಗ ಅದು ಖಾಲಿಯಾಗಿ ನೀರು ಹೋಗುತ್ತದೆ, ಹೋಳಿಗೆ ತಿಂದಾಗ ನೀರಿನ ಸಮೇತ ಬಂದು ಕೂರುತ್ತದೆ. ಮೊದಲು ಇಳಿದದ್ದಕ್ಕೂ ಹಿಗ್ಗಬೇಡಿ, ಆಮೇಲೆ ಏರಿದ್ದಕ್ಕೂ ಕುಗ್ಗಬೇಡಿ. ವಾರಕ್ಕೊಮ್ಮೆ ತೂಕ, ಹದಿನೈದು ದಿನಕ್ಕೊಮ್ಮೆ ಸೊಂಟ. ಮೊದಲ ತಿಂಗಳ ಮೇಲೆ ವಾರಕ್ಕೆ 300ರಿಂದ 500 ಗ್ರಾಂ ಇಳಿದರೆ ಚೆನ್ನಾಗಿಯೇ ನಡೆಯುತ್ತಿದೆ ಅಂತ ಅರ್ಥ.

ಆ ಮೊದಲ ವಾರ ತಲೆನೋವು, ಸುಸ್ತು, ಎದ್ದಾಗ ಕಣ್ಣು ಕತ್ತಲೆ ಬರಬಹುದು. ಇನ್ಸುಲಿನ್ ಕಡಿಮೆಯಾದಾಗ ಕಿಡ್ನಿ ಉಪ್ಪನ್ನು ಜಾಸ್ತಿ ಹೊರಹಾಕುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಬಿಪಿ ತೊಂದರೆ ಇಲ್ಲದಿದ್ದರೆ ಉಪ್ಪು ಹಾಕಿದ ನೀರು ಮಜ್ಜಿಗೆ ಎರಡು ಲೋಟ ಕುಡಿಯಿರಿ, ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ. ಮಲಬದ್ಧತೆ ಆದರೆ ಸೊಪ್ಪು ತರಕಾರಿ ಸಾಲದು ಅಂತ ತಿಳಿದುಕೊಳ್ಳಿ.

ಎರಡು ಮೂರು ತಿಂಗಳ ಮೇಲೆ ತೂಕ ಒಂದು ಕಡೆ ನಿಂತುಬಿಡುತ್ತದೆ. ಮೈ ಚಿಕ್ಕದಾದರೆ ಅದಕ್ಕೆ ಬೇಕಾದ ಕ್ಯಾಲೊರಿಯೂ ಕಡಿಮೆಯಾಗುತ್ತದೆ, ಅದೊಂದು ಕಾರಣ. ಇನ್ನೊಂದು ಕಾರಣ, ಅಷ್ಟರಲ್ಲಿ ನಮ್ಮ ಅಳತೆ ಸಡಿಲವಾಗಿರುತ್ತದೆ. ಆಗ ಮತ್ತೆ ತಕ್ಕಡಿ ಇಳಿಸಿ, ಮತ್ತೆ ಮೂರು ದಿನ ಬರೆಯಿರಿ. ಎಚ್‌ಬಿಎ1ಸಿ ಕೂಡ ಮೂರು ತಿಂಗಳಿಗೆ ಸರಿಯಾಗಿ ಮಾಡಿಸಿ, ಅದು ತೋರಿಸುವುದೇ ಎರಡು ಮೂರು ತಿಂಗಳ ಸರಾಸರಿ. ನನಗೆ ಅಮ್ಮನ ಮನೆಯಲ್ಲಿದ್ದಾಗ ಮಾತ್ರ ತೂಕ ನಿಲ್ಲುತ್ತಿತ್ತು, ಯಾಕೆ ಅಂತ ತಿಳಿಯಲಿಲ್ಲ. ಮಧ್ಯಾಹ್ನ ಅರ್ಧ ಮುದ್ದೆ ಉಣ್ಣುತ್ತಿದ್ದೆ, "ಇಷ್ಟು ತಿಂದ್ರೆ ಮೈಗೇನು ಹತ್ತುತ್ತೋ" ಅಂತ ಅವರು ಗೊಣಗುತ್ತಿದ್ದರು, ರಾತ್ರಿ ಮಲಗುವ ಮುಂಚೆ "ಬರೀ ಮಜ್ಜಿಗೆ ಕುಡಿ" ಅಂತ ಒಂದು ದೊಡ್ಡ ಲೋಟ ಕೊಡುತ್ತಿದ್ದರು. ಈರುಳ್ಳಿ, ಕೊತ್ತಂಬರಿ, ಇಂಗು, ರುಚಿಯೋ ರುಚಿ, ಒಂಚೂರು ಗಟ್ಟಿ. ನಾಲ್ಕನೇ ದಿನ ಲೋಟದ ತಳಕ್ಕೆ ಚಮಚ ಹಾಕಿ ನೋಡಿದೆ. ಮಧ್ಯಾಹ್ನ ನಾನು ಬಿಟ್ಟ ಅರ್ಧ ಮುದ್ದೆ ಅದರೊಳಗೆ ಕಿವುಚಿತ್ತು.